‘ಐ7, 16 ಜಿಬಿ ರ‍್ಯಾಮ್, 4 ಜಿಬಿ ಗ್ರಾಫಿಕ್ಸ್, ಬೆಲೆ ಕೇವಲ 14,999’: ಇಂಥ ಗೇಮಿಂಗ್ ಕಂಪ್ಯೂಟರ್ ಕೊಳ್ಳಬಹುದೇ?

“ಐ7 ಪ್ರೊಸೆಸರ್, 16 ಜಿಬಿ ರ‍್ಯಾಮ್, 4 ಜಿಬಿ ಗ್ರಾಫಿಕ್ಸ್ ಕಾರ್ಡ್, ಕಲರ್ ಲೈಟ್ ಇರುವ ಕ್ಯಾಬಿನೆಟ್. ಎಲ್ಲಾ ಗೇಮ್ ಓಡುತ್ತೆ. ಸ್ಟಾಕ್ ಖಾಲಿಯಾಗುವ ಮೊದಲು ಬುಕ್ ಮಾಡಿ.” ಈ ಧಾಟಿಯ ಮೆಸೇಜುಗಳು ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಬರುತ್ತಿರುತ್ತವೆ. ಗೇಮಿಂಗ್ ಲ್ಯಾಪ್‌ಟಾಪ್ ಬೆಲೆ ಕೇಳಿ ಸುಮ್ಮನಾಗಿದ್ದ ಮನೆಯವರಿಗೆ ಇದು ಆಸೆ ಹುಟ್ಟಿಸುವುದು ಸಹಜ.

ಇಂಥ ಜಾಹೀರಾತು ಪೂರ್ತಿ ಸುಳ್ಳೇ? ಎಷ್ಟೋ ಸಲ ಅದರಲ್ಲಿ ಬರೆದದ್ದೆಲ್ಲ ನಿಜವೇ ಆಗಿರುತ್ತದೆ. ತೊಂದರೆ ಇರುವುದು ಬರೆಯದೆ ಬಿಟ್ಟ ವಿಷಯದಲ್ಲಿ. ಯಾವ ಐ7, ಯಾವ ಕಾರ್ಡ್ ಎಂಬ ಮಾಡೆಲ್ ನಂಬರ್ ಅಲ್ಲಿರುವುದಿಲ್ಲ. ಆ ನಂಬರ್ ಏಕೆ ಮುಖ್ಯ, ಕಡಿಮೆ ದುಡ್ಡಿನಲ್ಲಿ ಒಳ್ಳೆಯ ಕಂಪ್ಯೂಟರ್ ಮಾಡಿಕೊಳ್ಳುವುದು ಹೇಗೆ ಎಂದು ನೋಡೋಣ.

ಹೇಳಿಕೆ 1: ಐ7 ಯಾವಾಗಲೂ ಐ3ಗಿಂತ ವೇಗ

ಇದು ತಪ್ಪು. ಇಂಟೆಲ್ ಕಂಪನಿಯ ಐ7 ಪ್ರೊಸೆಸರ್‌ಗಳು 2008ರಿಂದಲೂ ಇವೆ. ಐ3, ಐ5, ಐ7 ಎಂಬುದು ಒಂದೇ ತಲೆಮಾರಿನ ಪ್ರೊಸೆಸರ್‌ಗಳ ನಡುವಿನ ದರ್ಜೆ ಮಾತ್ರ. ಹತ್ತು ವರ್ಷ ಹಳೆಯ ಐ7 ಅನ್ನು ಹೊಸ ಐ3 ಜೊತೆ ಹೋಲಿಸಲು ಈ ಹೆಸರು ಸಾಲದು.

ಒಂದು ಉದಾಹರಣೆ: 2011ರ ಐ7-2600 ಮತ್ತು 2022ರ ಐ3-12100. ಎರಡರಲ್ಲೂ 4 ಕೋರ್, 8 ಥ್ರೆಡ್ ಇವೆ. ಆದರೆ ಒಂದೊಂದು ಕೋರ್ ಮಾಡುವ ಕೆಲಸದಲ್ಲಿ ಐ3-12100 ಬಹಳ ಮುಂದಿದೆ. ಗೇಮ್‌ಗಳಿಗೆ ಹೆಚ್ಚು ಬೇಕಾದದ್ದೂ ಅದೇ.

ತಲೆಮಾರನ್ನು ಗುರುತಿಸುವುದು ಸುಲಭ. ಅಡ್ಡಗೆರೆಯ ನಂತರದ ಸಂಖ್ಯೆ ನೋಡಿ. 2600 ಎಂದಿದ್ದರೆ 2ನೇ ತಲೆಮಾರು, 8400 ಎಂದಿದ್ದರೆ 8ನೇದು, 12100 ಎಂದಿದ್ದರೆ 12ನೇದು. ಐ7-870 ಹಾಗೆ ಮೂರೇ ಅಂಕಿ ಇದ್ದರೆ ಅದು ಮೊದಲನೇ ತಲೆಮಾರು.

ಇದು ವೇಗದ ಪ್ರಶ್ನೆಯಷ್ಟೇ ಅಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಅಧಿಕೃತವಾಗಿ ನಡೆಯುವುದು, ಕೆಲವೇ ಅಪವಾದ ಬಿಟ್ಟರೆ, ಇಂಟೆಲ್‌ನ 8ನೇ ತಲೆಮಾರು ಮತ್ತು ನಂತರದವುಗಳಲ್ಲಿ. ವ್ಯಾಲೊರಂಟ್ ಗೇಮ್‌ಗೆ ವಿಂಡೋಸ್ 11ರಲ್ಲಿ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇರಲೇಬೇಕು. 2011ರ ಕಂಪ್ಯೂಟರ್‌ಗಳಲ್ಲಿ ಅದಿಲ್ಲ.

ಹೇಳಿಕೆ 2: ಗ್ರಾಫಿಕ್ಸ್ ಕಾರ್ಡ್‌ನಲ್ಲಿ ಜಿಬಿ ಹೆಚ್ಚಿದ್ದಷ್ಟೂ ಒಳ್ಳೆಯದು

ಇದೂ ಅರ್ಧ ಸತ್ಯ. ಜಿಬಿ ಎಂದರೆ ಕಾರ್ಡ್‌ನ ಮೆಮೊರಿ, ಅಂದರೆ ಗೋದಾಮಿನ ಅಳತೆ. ಗೋದಾಮು ದೊಡ್ಡದಿದ್ದು ಬಾಗಿಲು ಕಿರಿದಾಗಿದ್ದರೆ ಸಾಮಾನು ಹೊರಗೆ ಬರುವುದೇ ನಿಧಾನ.

ಎನ್‌ವಿಡಿಯಾದ ಜಿಟಿ 730 ಕಾರ್ಡ್ 2014ರದು. ಜಿಟಿಎಕ್ಸ್ 1650 ಬಂದದ್ದು 2019ರಲ್ಲಿ. ಎರಡೂ 4 ಜಿಬಿ ಮೆಮೊರಿಯಲ್ಲಿ ಸಿಗುತ್ತವೆ. ಆದರೆ 64 ಬಿಟ್ ಡಿಡಿಆರ್3 ಮೆಮೊರಿ ಇರುವ ಜಿಟಿ 730ರಲ್ಲಿ ಸೆಕೆಂಡಿಗೆ ಸುಮಾರು 14 ಜಿಬಿ ಮಾಹಿತಿ ಹರಿದರೆ, ಜಿಟಿಎಕ್ಸ್ 1650ರಲ್ಲಿ 128 ಜಿಬಿ ಹರಿಯುತ್ತದೆ. ಜಾಹೀರಾತಿನಲ್ಲಿ ಮಾತ್ರ ಎರಡೂ ‘4 ಜಿಬಿ ಗ್ರಾಫಿಕ್ಸ್ ಕಾರ್ಡ್’!

ಹೆಸರು ಬದಲಿಸಿದ ಕಾರ್ಡ್‌ಗಳೂ ಇವೆ

ಕೆಲವರು ಹಳೆಯ ಕಾರ್ಡ್‌ನ ಬಯೋಸ್ ತಿದ್ದಿ, ಕಂಪ್ಯೂಟರಿನಲ್ಲಿ ಹೊಸ ಕಾರ್ಡ್‌ನ ಹೆಸರು ಕಾಣುವಂತೆ ಮಾಡುತ್ತಾರೆ. ಜಿಟಿಎಕ್ಸ್ 550 ಟಿಐ ಹೋಗಿ ‘ಜಿಟಿಎಕ್ಸ್ 1050 ಟಿಐ’ ಆಗಿಬಿಡುತ್ತದೆ. ಗೇಮ್ ತೆರೆದ ಮೇಲೆ ಬಣ್ಣ ಬಯಲು.

ಇದನ್ನು ಪತ್ತೆ ಮಾಡಲು ಜಿಪಿಯು-ಝಡ್ ಎಂಬ ಉಚಿತ ಸಾಫ್ಟ್‌ವೇರ್ ಇದೆ. 2018ರಿಂದ ಅದರಲ್ಲಿ ಇಂಥ ನಕಲಿ ಎನ್‌ವಿಡಿಯಾ ಕಾರ್ಡ್‌ಗಳನ್ನು ಗುರುತಿಸುವ ಸೌಲಭ್ಯ ಸೇರಿದೆ. ನಕಲಿಯಾಗಿದ್ದರೆ ಹೆಸರಿನ ಮುಂದೆಯೇ ‘ಫೇಕ್’ ಎಂದು ಇಂಗ್ಲಿಷಿನಲ್ಲಿ ತೋರಿಸುತ್ತದೆ. ಕಣ್ಣಿಗೆ ಕಾಣುವ ಸುಳಿವೂ ಒಂದಿದೆ. 1050 ಟಿಐ ಚಿಪ್‌ನಲ್ಲಿ ಹಳೆಯ ವಿಜಿಎ ಸಂಪರ್ಕಕ್ಕೆ ವ್ಯವಸ್ಥೆಯೇ ಇಲ್ಲ. ಹಿಂಬದಿಯಲ್ಲಿ ನೀಲಿ ಬಣ್ಣದ ವಿಜಿಎ ಪೋರ್ಟ್ ಕಂಡರೆ ಅನುಮಾನ ಪಡಿ.

ಎಎಂಡಿ ಕಂಪನಿಯ ಆರ್‌ಎಕ್ಸ್ 580 ಕೊಳ್ಳುವಾಗಲೂ ಎಚ್ಚರವಿರಲಿ. ಮೂಲ ಕಾರ್ಡ್‌ನಲ್ಲಿ 2304 ಕೋರ್‌ಗಳಿವೆ. ‘2048 ಎಸ್‌ಪಿ’ ಎಂದಿರುವುದರಲ್ಲಿ 2048 ಮಾತ್ರ. ಅದು ಶಕ್ತಿಯಲ್ಲಿ ಆರ್‌ಎಕ್ಸ್ 570ಕ್ಕೆ ಸಮ. ಕೊಳ್ಳಬಾರದೆಂದೇನಿಲ್ಲ, ಆದರೆ 580ರ ಬೆಲೆ ಕೊಡಬೇಡಿ.

ಹೇಳಿಕೆ 3: ಎಸ್‌ಎಂಪಿಎಸ್ ಯಾವುದಾದರೂ ಆದೀತು

ಬಜೆಟ್ ಕಡಿಮೆಯಾದಾಗ ಎಲ್ಲರೂ ಮೊದಲು ಕತ್ತರಿ ಹಾಕುವುದು ಇದಕ್ಕೇ. ಎಲ್ಲ ಭಾಗಗಳಿಗೂ ವಿದ್ಯುತ್ ಹಂಚುವ ಈ ಡಬ್ಬಿ ಕೆಟ್ಟರೆ ಜೊತೆಯಲ್ಲಿ ಮದರ್‌ಬೋರ್ಡನ್ನೋ ಗ್ರಾಫಿಕ್ಸ್ ಕಾರ್ಡನ್ನೋ ಕೆಡಿಸಿಕೊಂಡು ಹೋಗಬಹುದು.

ಮೇಲೆ ದೊಡ್ಡದಾಗಿ ‘500 ವ್ಯಾಟ್’ ಎಂದು ಬರೆದಿದ್ದರೆ ಅಷ್ಟಕ್ಕೇ ನಂಬಬೇಡಿ. ಪಕ್ಕದ ಲೇಬಲ್‌ನಲ್ಲಿ 12 ವೋಲ್ಟ್ ಎದುರು ಎಷ್ಟು ಆಂಪಿಯರ್ ಇದೆ ನೋಡಿ. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಹೆಚ್ಚಾಗಿ ಬಳಸುವುದು ಈ 12 ವೋಲ್ಟನ್ನೇ. ಅಲ್ಲಿ 18 ಆಂಪಿಯರ್ ಎಂದಿದ್ದರೆ, 12ನ್ನು 18ರಿಂದ ಗುಣಿಸಿ: 216 ವ್ಯಾಟ್. ನಿಮಗೆ ನಿಜವಾಗಿ ಸಿಗುವುದು ಹೆಚ್ಚುಕಡಿಮೆ ಅಷ್ಟೇ. ಆರ್‌ಎಕ್ಸ್ 580 ಒಂದಕ್ಕೇ 185 ವ್ಯಾಟ್ ಬೇಕು. ‘80 ಪ್ಲಸ್’ ಮುದ್ರೆ ಇರುವ, ವಾರಂಟಿ ಕೊಡುವ ಎಸ್‌ಎಂಪಿಎಸ್ ಹೊಸದನ್ನೇ ತೆಗೆದುಕೊಳ್ಳಿ.

ಇನ್ನು ಬಣ್ಣದ ಲೈಟ್‌ಗಳು. ನೋಡಲು ಚೆಂದ, ಆದರೆ ಗೇಮ್‌ನ ವೇಗ ಒಂದು ಫ್ರೇಮ್‌ನಷ್ಟೂ ಹೆಚ್ಚುವುದಿಲ್ಲ.

ಹಾಗಾದರೆ ಕಡಿಮೆ ದುಡ್ಡಿಗೆ ದಾರಿ ಏನು?

ಮೊದಲ ದಾರಿ: ಸದ್ಯಕ್ಕೆ ಗ್ರಾಫಿಕ್ಸ್ ಕಾರ್ಡ್ ಇಲ್ಲದೆಯೇ ಶುರು ಮಾಡುವುದು. ಎಎಂಡಿಯ ರೈಜನ್ 5 5600ಜಿ ಪ್ರೊಸೆಸರ್‌ನಲ್ಲಿ 6 ಕೋರ್‌ಗಳ ಜೊತೆಗೆ ಗ್ರಾಫಿಕ್ಸ್ ಕೂಡ ಒಳಗೇ ಇದೆ. ವ್ಯಾಲೊರಂಟ್, ಮೈನ್‌ಕ್ರಾಫ್ಟ್, ಜಿಟಿಎ 5 ಮುಂತಾದವನ್ನು ಸೆಟ್ಟಿಂಗ್ ತಗ್ಗಿಸಿಕೊಂಡು ಆಡಬಹುದು. ಸೈಬರ್‌ಪಂಕ್ 2077ರಂಥ ಭಾರೀ ಗೇಮ್‌ಗಳನ್ನು ನಿರೀಕ್ಷಿಸಬೇಡಿ. ಮುಂದೆ ದುಡ್ಡು ಕೂಡಿದಾಗ ಕಾರ್ಡ್ ಸೇರಿಸಿಕೊಳ್ಳಬಹುದು.

ಇಲ್ಲಿ ರ‍್ಯಾಮ್ ಹಾಕುವ ರೀತಿ ಮುಖ್ಯ. ಒಳಗಿನ ಗ್ರಾಫಿಕ್ಸ್‌ಗೆ ಬೇರೆ ಮೆಮೊರಿ ಇಲ್ಲ, ಅದು ರ‍್ಯಾಮ್ ಅನ್ನೇ ಬಳಸುತ್ತದೆ. 16 ಜಿಬಿಯ ಒಂದೇ ಸ್ಟಿಕ್ ಹಾಕುವ ಬದಲು 8 ಜಿಬಿಯ ಎರಡು ಹಾಕಿದರೆ ಮಾಹಿತಿ ಹರಿಯುವ ದಾರಿ ಎರಡರಷ್ಟಾಗುತ್ತದೆ. ಡಿಡಿಆರ್4 3200ರಲ್ಲಿ ಸೆಕೆಂಡಿಗೆ 25.6 ಜಿಬಿ ಇದ್ದದ್ದು 51.2 ಜಿಬಿ ಆಗುತ್ತದೆ. ಆದರೆ 2025ರ ಕೊನೆಯಿಂದ ರ‍್ಯಾಮ್ ಬೆಲೆ ಜಗತ್ತಿನಾದ್ಯಂತ ಜಿಗಿದಿದೆ. ಹಾಗಾಗಿ ಹಳೆಯ ವಿಡಿಯೋಗಳಲ್ಲಿ ಹೇಳುವ ಬಜೆಟ್ ಲೆಕ್ಕ ಈಗ ಹೊಂದುವುದಿಲ್ಲ.

ಎರಡನೇ ದಾರಿ: ಆಫೀಸುಗಳಿಂದ ಹೊರಬಂದ ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್. ಡೆಲ್, ಎಚ್‌ಪಿ, ಲೆನೊವೊ ಡೆಸ್ಕ್‌ಟಾಪ್‌ಗಳು ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಸಿಗುತ್ತವೆ. 8ನೇ ತಲೆಮಾರಿನ ಐ5 ಇರುವುದನ್ನು ಆರಿಸಿ. ಅದಕ್ಕೆ ಜಿಟಿಎಕ್ಸ್ 1650 ಸೇರಿಸಬಹುದು. ಈ ಕಾರ್ಡ್‌ಗೆ ಸಾಕಾಗುವುದು 75 ವ್ಯಾಟ್, ಮದರ್‌ಬೋರ್ಡ್ ಸ್ಲಾಟ್ ಕೊಡಬಲ್ಲದ್ದೂ ಅಷ್ಟೇ. ಹಾಗಾಗಿ ಇದರ ಹಲವು ಮಾಡೆಲ್‌ಗಳಿಗೆ ಬೇರೆ ಪವರ್ ಕೇಬಲ್ ಬೇಡ. ಕ್ಯಾಬಿನೆಟ್ ಚಿಕ್ಕದಿದ್ದರೆ ‘ಲೋ ಪ್ರೊಫೈಲ್’ ಕಾರ್ಡ್ ಕೇಳಿ. ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ ಹಾಕಿಸಿದರೆ ಕಂಪ್ಯೂಟರ್ ಬೇಗ ತೆರೆದುಕೊಳ್ಳುತ್ತದೆ.

ದುಡ್ಡು ಕೊಡುವ ಮೊದಲು

• ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್, ಎಸ್‌ಎಂಪಿಎಸ್‌ನ ಪೂರ್ತಿ ಮಾಡೆಲ್ ನಂಬರ್ ಬರೆದು ಕಳುಹಿಸಲು ಹೇಳಿ. ಕೊಡದಿದ್ದರೆ ಅಲ್ಲಿಗೇ ಬಿಡಿ.
• ಅಂಗಡಿಯಲ್ಲೇ ಆನ್ ಮಾಡಿಸಿ. ಸಿಪಿಯು-ಝಡ್, ಜಿಪಿಯು-ಝಡ್ ಹಾಕಿ ಹೆಸರು ತಾಳೆ ನೋಡಿ. ಅರ್ಧ ಗಂಟೆ ಒಂದು ಗೇಮ್ ಓಡಿಸಿ.
• ಇಂಟೆಲ್ ನಂಬರ್ ಕೊನೆಯಲ್ಲಿ ‘ಎಫ್’ ಅಕ್ಷರ ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ ಎಂದರ್ಥ. ಕಾರ್ಡ್ ಹಾಕದೆ ಪರದೆಯಲ್ಲಿ ಏನೂ ಕಾಣದು.
• ಮಾಡೆಲ್ ಮತ್ತು ಸೀರಿಯಲ್ ನಂಬರ್ ಇರುವ ಬಿಲ್ ಪಡೆಯಿರಿ. ಎಷ್ಟು ದಿನ ವಾರಂಟಿ ಎಂದು ಅದರಲ್ಲೇ ಬರೆಸಿ.
• ಪರಿಚಯವಿಲ್ಲದವರಿಗೆ ಮುಂಗಡ ಕಳುಹಿಸಬೇಡಿ. ಮೋಸವಾದರೆ ಕೂಡಲೇ 1930ಕ್ಕೆ ಕರೆ ಮಾಡಿ. ಇದು ಸೈಬರ್ ವಂಚನೆಗಳಿಗಾಗಿ ಇರುವ ರಾಷ್ಟ್ರೀಯ ಸಹಾಯವಾಣಿ.

ಒಟ್ಟಿನಲ್ಲಿ ಹೇಳುವುದಾದರೆ

ಕಡಿಮೆ ದುಡ್ಡಿನಲ್ಲಿ ಗೇಮ್ ಆಡುವ ಕಂಪ್ಯೂಟರ್ ಮಾಡಿಕೊಳ್ಳಬಹುದು. ಆದರೆ ‘ಐ7’, ‘4 ಜಿಬಿ’, ‘500 ವ್ಯಾಟ್’ ಎಂಬ ಮಾತುಗಳಿಂದ ಅದರ ಯೋಗ್ಯತೆ ತಿಳಿಯುವುದಿಲ್ಲ. ಮುಂದಿನ ಸಲ ಇಂಥ ಮೆಸೇಜ್ ಬಂದಾಗ ಫಾರ್ವರ್ಡ್ ಮಾಡುವ ಮೊದಲು ಒಂದೇ ಪ್ರಶ್ನೆ ಕೇಳಿ: “ಮಾಡೆಲ್ ನಂಬರ್ ಯಾವುದು?” ಮನೆಯವರು ಕಷ್ಟಪಟ್ಟು ಕೂಡಿಟ್ಟ ಹಣ ಅದರಿಂದಲೇ ಉಳಿಯಬಹುದು.