ಟಿಕ್ ಟಿಕ್ ಅನ್ನೋ ಗಾಳದ ರೀಲು: ಒಳಗೇನಿದೆ, ಹೇಗೆ ಮಾಡ್ತಾರೆ?

ಪೆಡಲ್ ತುಳಿಯೋದು ನಿಲ್ಲಿಸಿದ್ರೆ ಸೈಕಲ್‌ನ ಹಿಂದಿನ ಚಕ್ರ ಟಿಕ್ ಟಿಕ್ ಅನ್ನುತ್ತಲ್ಲ? ಫ್ರೀವೀಲ್ ಹಲ್ಲುಗಳ ಮೇಲೆ ಪುಟ್ಟ ಲೋಹದ ನಾಲಿಗೆ ಜಾರುವ ಸದ್ದು ಅದು. ಗರಿ, ನೂಲು ಸುತ್ತಿದ ಹುಸಿ ಹುಳದಿಂದ ಮೀನು ಹಿಡಿಯುವ ಫ್ಲೈ ಫಿಶಿಂಗ್‌ನ ಹಳೇ 'ಕ್ಲಿಕ್ ಅಂಡ್ ಪಾಲ್' ರೀಲಿನಲ್ಲೂ ಇದೇ ತಂತ್ರ. ಇಂಗ್ಲೆಂಡಿನ ಹಾರ್ಡಿ ಕಂಪನಿ 1891ರಲ್ಲಿ ತಂದ 'ಪರ್ಫೆಕ್ಟ್' ಇವುಗಳಲ್ಲಿ ಹೆಸರುವಾಸಿ.

ಕೆಲಸ ಹೇಗೆ?
ದಾರ ಸುತ್ತುವ ಉರುಳೆಯ ಬೆನ್ನಿಗೆ ಹಲ್ಲುಚಕ್ರ ಇರುತ್ತೆ. ಅದಕ್ಕೆ ತಾಗುವ ತ್ರಿಕೋನದ ನಾಲಿಗೆಯೇ ಪಾಲ್. ಸ್ಪ್ರಿಂಗ್ ಅದನ್ನು ಒತ್ತಿ ಹಿಡಿದಿರುತ್ತೆ. ಫ್ರೀವೀಲ್‌ನ ನಾಲಿಗೆ ಒಂದು ಕಡೆ ಲಾಕ್ ಆಗುತ್ತೆ, ಇದು ಎರಡೂ ಕಡೆ ಜಾರುತ್ತೆ.

ಮೀನನ್ನು ನಿಲ್ಲಿಸೋದು ಪಾಲ್ ಕೆಲಸ ಅಲ್ಲ, ಅದಕ್ಕೆ ಕೈಯಿಂದಲೇ ಉರುಳೆ ಅದುಮಬೇಕು. ಓಡುತ್ತಿದ್ದ ಮೀನು ತಟ್ಟನೆ ನಿಂತಾಗ ಉರುಳೆ ಸುಮ್ಮನೆ ತಿರುಗುತ್ತಾ ಹೋದರೆ ದಾರ ಸಡಿಲಾಗಿ ಗಂಟು ಬೀಳುತ್ತೆ. ಪಾಲ್ ತಡೆಯೋದು ಅದನ್ನೇ. ಸ್ಪ್ರಿಂಗ್ ಮೆತ್ತಗಾದರೆ ಗಂಟು, ಅತಿ ಬಿಗಿಯಾದರೆ ತುದಿಯ ಸಣ್ಣ ದಾರ ಕಟ್. ಎರಡರಲ್ಲೂ ಮೀನು ಹೋಯ್ತು!

ತಯಾರಿ
ಹಿತ್ತಾಳೆ ಅಥವಾ ಅಲ್ಯೂಮಿನಿಯಂನ ಚೌಕಟ್ಟು, ಉರುಳೆಗಳನ್ನು ಲೇತ್‌ನಲ್ಲಿ ಕಡೆಯುತ್ತಾರೆ. ಇವೆರಡರ ನಡುವಿನ ಸಂದು ದಾರಕ್ಕಿಂತ ಸಣ್ಣದಿರಬೇಕು, ಇಲ್ಲಾಂದ್ರೆ ದಾರ ಸಿಕ್ಕಿಕೊಳ್ಳುತ್ತೆ. ಪಕ್ಕಗಳಿಗೆ ತೂತು ಕೊರೆದರೆ ತೂಕ ಕಡಿಮೆ, ಒದ್ದೆ ದಾರವೂ ಬೇಗ ಒಣಗುತ್ತೆ. ಇಂಥ ತೂತಿನ ರೀಲಿಗೆ ಅಮೆರಿಕದ ಚಾರ್ಲ್ಸ್ ಆರ್ವಿಸ್ 1874ರಲ್ಲೇ ಪೇಟೆಂಟ್ ಪಡೆದಿದ್ದರು.

ನೆನಪಿಡಿ
ಹಳೇ ರೀಲು ಕೈಗೆ ಸಿಕ್ಕರೆ ಮೊದಲು ತಿರುಗಿಸಿ ಸದ್ದು ಕೇಳಿ. ಟಿಕ್ ಟಿಕ್ ಮಂಕಾಗಿದ್ದರೆ ಪಾಲ್ ಸವೆದಿರಬಹುದು, ಇಲ್ಲವೇ ಸ್ಪ್ರಿಂಗ್ ಸೋತಿರಬಹುದು.