ತಂತಿವಾದ್ಯಗಳ ಕಡಲಯಾನ

ತಿರುವನಂತಪುರದ ದಕ್ಷಿಣಕ್ಕೆ, ಇಂದು ಮಹಾನೌಕೆಗಳು ಬಂದು ಸರಕಿಳಿಸುವ ವಿಳಿಂಜಂ ಬಂದರಿನ ಸಮೀಪದಲ್ಲಿ, ಎಂಟನೆಯ ಶತಮಾನದಲ್ಲಿ ಬಂಡೆಯನ್ನು ಕೊರೆದು ನಿರ್ಮಿಸಿದ ಪುಟ್ಟ ಗುಹಾಲಯವೊಂದಿದೆ. ಅದರೊಳಗಿನ ಮೂರ್ತಿ ವೀಣಾಧರ ದಕ್ಷಿಣಾಮೂರ್ತಿಯದು. ಆಯ್ ಅರಸರ ರಾಜಧಾನಿಯಾಗಿ ಮೆರೆದು, ಚೋಳರ ದಂಡಯಾತ್ರೆಗೆ ನಲುಗಿದ ಈ ರೇವಿನಲ್ಲಿ ಜ್ಞಾನೋಪದೇಶಕನಾದ ಈ ಶಿವನ ಕೈಗೆ ತಂತಿವಾದ್ಯವನ್ನಿತ್ತುದು ಶಿಲ್ಪಶಾಸ್ತ್ರದ ವಿಧಿಯೇ ಆದರೂ, ಸ್ಥಳಕ್ಕೆ ಅತ್ಯಂತ ಉಚಿತವಾಗಿಯೇ ಇದೆ. ಏಕೆಂದರೆ ಈ ಕರಾವಳಿಗೆ ಕಡಲು ತಂದುದು ಮೆಣಸಿನ ವರ್ತಕರನ್ನು ಮಾತ್ರವಲ್ಲ. ಪೋರ್ಚುಗೀಸರು ಬಂದ ಮೇಲೆ ಕೊಚ್ಚಿಯ ಕ್ರೈಸ್ತರು ಯೂರೋಪಿನ ಚಕ್ರವರ್ತಿ ಶಾರ್ಲಮೇನನ ಕಥೆಯನ್ನು ಚವಿಟ್ಟುನಾಟಕವೆಂಬ ಕುಣಿತದ ನಾಟಕವಾಗಿ ನೆಲ ನಡುಗುವಂತೆ ಕುಣಿದರು.

ಹಾಗೆಯೇ ಕಡಲು ದಾಟಿ ಬಂದ ಪಿಟೀಲಿನ ಕಥೆ ಇನ್ನೂ ಸ್ವಾರಸ್ಯದ್ದು. ಮದರಾಸಿನಲ್ಲಿ ಬಾಲುಸ್ವಾಮಿ ದೀಕ್ಷಿತರು ಕೈಗೆತ್ತಿಕೊಂಡ ಆ ಪರದೇಶದ ವಾದ್ಯವನ್ನು, ಅವರ ಅಣ್ಣ ಮುತ್ತುಸ್ವಾಮಿ ದೀಕ್ಷಿತರ ಶಿಷ್ಯನಾದ ವಡಿವೇಲು ತಿರುವಾಂಕೂರಿನ ಆಸ್ಥಾನದಲ್ಲಿ ನುಡಿಸಿದಾಗ, ಕನ್ನಡದಲ್ಲಿಯೂ ಕೃತಿರಚನೆ ಮಾಡಿದ ಸ್ವಾತಿ ತಿರುನಾಳ್ ಮಹಾರಾಜರು ಮೆಚ್ಚಿ 1834ರಲ್ಲಿ ಅವನಿಗೆ ದಂತದ ಪಿಟೀಲೊಂದನ್ನು ಬಹುಮಾನವಾಗಿತ್ತರು. ನಿಂತು ಗದ್ದಕ್ಕೊತ್ತಿ ಬಾರಿಸುವ ವಾದ್ಯವು ನಮ್ಮಲ್ಲಿ ನೆಲಕ್ಕೆ ಕುಳಿತಿತು; ಅದರ ತುದಿಯು ವಾದಕನ ಬಲಪಾದದ ಮೇಲೆ ನೆಲೆಗೊಂಡು ಎಡಗೈ ಮುಕ್ತವಾಗಿ ಜಾರಾಡುವಂತಾಯಿತು; ತಂತಿಗಳು ಷಡ್ಜ ಪಂಚಮಗಳಿಗೆ ಶ್ರುತಿಗೊಂಡವು. ಮೆಟ್ಟಿಲುಗಳಿಲ್ಲದ ಕಾರಣ ಗಮಕಕ್ಕೆ ಅಡ್ಡಿಯೇ ಇರಲಿಲ್ಲ.

ಕಡಲು ದಾಟಿದ ಇನ್ನೊಂದು ತಂತಿವಾದ್ಯವಾದ ಬಾಂಜೋವಿಗೆ ಅಂತಹ ಭಾಗ್ಯವಿಲ್ಲ. ಪಶ್ಚಿಮ ಆಫ್ರಿಕದ ಸೋರೆಬುರುಡೆಯ ವಾದ್ಯಗಳ ಸ್ಮೃತಿಯನ್ನು ಹೊತ್ತು, ಗುಲಾಮರಾಗಿ ಅಟ್ಲಾಂಟಿಕ್ ದಾಟಿದವರ ಕೈಯಲ್ಲಿ ರೂಪುಗೊಂಡ ಈ ವಾದ್ಯಕ್ಕೆ ಮುಖದಲ್ಲಿ ಮದ್ದಳೆಯಂತೆ ಚರ್ಮದ ಹೊದಿಕೆ. ಕುತ್ತಿಗೆಯ ನಡುವಿನಿಂದಲೇ ಹೊರಡುವ ಐದನೆಯ ಗಿಡ್ಡ ತಂತಿ ನಮ್ಮ ಶ್ರುತಿತಂತಿಯಂತೆ ಒಂದೇ ಸ್ವರವನ್ನು ಮತ್ತೆ ಮತ್ತೆ ಮಿಡಿಯುವುದು. ಆದರೆ ನಾದವೋ, ಕಾದೆಣ್ಣೆಗೆ ಬಿದ್ದ ಸಾಸಿವೆಯಂತೆ ಸಿಡಿದು ಅಲ್ಲಿಗೇ ಮುಗಿಯುವುದು. ಎಳೆದು ತೂಗಲು ಎಡೆಯೇ ಇಲ್ಲ.

ಆದುದರಿಂದಲೇ ಬೇಲಾ ಫ್ಲೆಕ್ ಎಂಬ ಬಾಂಜೋವಾದಕ 1988ರಲ್ಲಿ ಕಟ್ಟಿದ ಫ್ಲೆಕ್‌ಟೋನ್ಸ್ ವಾದ್ಯವೃಂದದ ಕಛೇರಿಯನ್ನು ಚಿತ್ರೀಕರಿಸಿ 2002ರಲ್ಲಿ ಹೊರತಂದ 'ಲೈವ್ ಅಟ್ ದಿ ಕ್ವಿಕ್' ನಮಗೆ ವಿಚಾರಯೋಗ್ಯ. ಅಮೆರಿಕದ ಕನೆಕ್ಟಿಕಟ್ಟಿನ ಆ ವೇದಿಕೆಯ ಮೇಲೆ ಟ್ರಿನಿಡಾಡಿನ ಉಕ್ಕಿನ ಪೀಪಾಯಿವಾದ್ಯವುಂಟು, ತೂವಾ ಪ್ರಾಂತದ ಕಂಠನಾದವುಂಟು, ಸಂದೀಪ ಬರ್ಮನ್ನರ ತಬಲಾವುಂಟು. ಅತಿಥಿಗಳ ಗದ್ದಲ ಕೊಂಚ ಹೆಚ್ಚಾಯಿತೆಂದೇ ನನ್ನ ಅಭಿಪ್ರಾಯ; ಜಾತ್ರೆಯಲ್ಲಿ ಎಲ್ಲವನ್ನೂ ನೋಡಬಹುದು, ಯಾವುದನ್ನೂ ಕೇಳುವುದು ಕಷ್ಟ. ಆದರೂ ಗಿಟಾರಿನ ಆಕಾರದ ವಿದ್ಯುದ್ವಾದ್ಯದ ಗುಂಡಿಗಳನ್ನೊತ್ತಿ ಡ್ರಮ್ಮಿನ ಸದ್ದನ್ನೆಬ್ಬಿಸುವ ರಾಯ್ ವೂಟನ್ ಮತ್ತು ತಬಲಾವಾದಕ, ಇಬ್ಬರೂ ಬೆರಳನ್ನು ನೆಚ್ಚಿದವರೆಂಬುದು ಕಣ್ಣಿಗೇ ಕಾಣುವುದು. ಇದು ಬರಿಯ ಧ್ವನಿಮುದ್ರಿಕೆಯಿಂದ ತಿಳಿಯತಕ್ಕುದಲ್ಲ.

ನಮ್ಮ ಸಂಗೀತವನ್ನು ಲಯದ ಬಾಗಿಲಿನಿಂದ ಪ್ರವೇಶಿಸಿದುದೇ ಫ್ಲೆಕ್ಕನ ವಿವೇಕ. ಮುಂದೆ ತಬಲಾದ ಜಾಕಿರ್ ಹುಸೇನ್, ಬಾಸ್‌ವಾದಕ ಎಡ್ಗರ್ ಮೇಯರ್, ಬಾನ್ಸುರಿಯ ರಾಕೇಶ್ ಚೌರಾಸಿಯಾ ಅವರೊಡನೆ 2023ರಲ್ಲಿ ಹೊರತಂದು ಮರುವರ್ಷ ಗ್ರ್ಯಾಮಿ ಪ್ರಶಸ್ತಿ ಪಡೆದ 'ಆ್ಯಸ್ ವಿ ಸ್ಪೀಕ್' ಸಂಕಲನದಲ್ಲಿಯೂ, ಸ್ವರವನ್ನು ಸ್ವರಕ್ಕೆ ಜಾರಿಸುವ ಹೊಣೆಯನ್ನು ಬಾನ್ಸುರಿಗೆ ಬಿಟ್ಟು, ಬಾಂಜೋ ತನ್ನ ಐದು ತಂತಿಗಳಿಂದ ತಬಲೆಯ ಬೋಲುಗಳಿಗೆ ಪ್ರತ್ಯುತ್ತರವೀಯುವುದು.