ಎಂಜಿನ್ನಿಗೂ ಪ್ರೊಪೆಲ್ಲರಿಗೂ ನಡುವೆ

ತಂತ್ರಜ್ಞಾನದ ಚರಿತ್ರೆಯಲ್ಲಿ ಎಂಜಿನ್ನಿಗೆ ಹೆಸರಿದೆ, ಅದನ್ನು ಕಂಡುಹಿಡಿದವರಿಗೂ ಹೆಸರಿದೆ. ಎಂಜಿನ್ನಿನ ಬಲವನ್ನು ಪ್ರೊಪೆಲ್ಲರಿಗೆ ದಾಟಿಸುವ ಕಪ್ಲಿಂಗ್ ಎಂಬ ಭಾಗಕ್ಕೆ ಅಡಿಟಿಪ್ಪಣಿಯೂ ಸಿಗುವುದಿಲ್ಲ. ಆದರೆ ಮನೆಯ ಶೆಡ್ಡಿನಲ್ಲಿ ವಿಮಾನ ಕಟ್ಟಿಕೊಂಡ ಅಮೆರಿಕದ ಹವ್ಯಾಸಿಗಳ ಕಥೆಯನ್ನು ಹೇಳಬೇಕಾದರೆ ಅಲ್ಲಿಂದಲೇ ಶುರುಮಾಡಬೇಕು.

ಫೆಲಿಕ್ಸ್ ವಾಂಕೆಲ್ ಅವರ ರೋಟರಿ ಎಂಜಿನ್ ಮೊದಲು ಓಡಿದ್ದು 1957ರಲ್ಲಿ, ಜರ್ಮನಿಯ ಎನ್‌ಎಸ್‌ಯು ಕಂಪನಿಯಲ್ಲಿ. ಅದರಲ್ಲಿ ಮೇಲೆ ಕೆಳಗೆ ಓಡಾಡುವ ಪಿಸ್ಟನ್ ಇಲ್ಲ. ತ್ರಿಕೋನಾಕಾರದ ರೋಟರ್ ಗೂಡಿನೊಳಗೆ ಸುತ್ತುತ್ತದೆ. ಮೊದಲ ಮಹಾಯುದ್ಧದ ವಿಮಾನಗಳಲ್ಲಿ ಸಿಲಿಂಡರುಗಳ ಸಮೇತ ತಿರುಗುತ್ತಿದ್ದ ರೋಟರಿ ಎಂಜಿನ್ ಬೇರೆ, ಇದು ಬೇರೆ. ಜಪಾನಿನ ಮಜ್ದಾ 1978ರಲ್ಲಿ ಇದೇ ಬಗೆಯ ಎಂಜಿನ್ನಿನ ಆರ್‌ಎಕ್ಸ್-7 ಕಾರನ್ನು ಮಾರುಕಟ್ಟೆಗೆ ತಂದಿತು. ಗುಜರಿ ಸೇರಿದ ಕಾರುಗಳ ಎಂಜಿನ್ ಹವ್ಯಾಸಿಗಳ ಕಣ್ಣಿಗೆ ಬಿತ್ತು. ಗಾತ್ರ ಚಿಕ್ಕದು, ಬೆಲೆ ಕಡಿಮೆ, ವಾಲ್ವ್‌ಗಳಿಲ್ಲ, ನಡುಕವಂತೂ ಇಲ್ಲವೇ ಇಲ್ಲ.

ನಡುಕವಿಲ್ಲ ಎಂಬ ಈ ನಂಬಿಕೆಯೇ ದಾರಿತಪ್ಪಿಸಿತು. ಎಂಜಿನ್ ನಿಮಿಷಕ್ಕೆ 6000 ಸುತ್ತು ತಿರುಗಿದಾಗ ಒಳ್ಳೆಯ ಬಲ ಕೊಡುತ್ತದೆ. ಪ್ರೊಪೆಲ್ಲರಿಗೆ 2700ರ ಆಸುಪಾಸು ಸಾಕು. ಹಾಗಾಗಿ ನಡುವೆ ಗೇರ್‌ಬಾಕ್ಸ್ ಬೇಕು. ಎರಡು ರೋಟರುಗಳ ಎಂಜಿನ್ ಶಾಫ್ಟಿನ ಪ್ರತಿ ಸುತ್ತಿಗೆ ಎರಡು ಸಲ ತಳ್ಳುತ್ತದೆ, ಅಂದರೆ ಆ ವೇಗದಲ್ಲಿ ಸೆಕೆಂಡಿಗೆ 200 ಸಲ. ಕೂತವರಿಗೆ ಇದು ತಿಳಿಯದು, ಶಾಫ್ಟಿಗೆ ತಿಳಿಯುತ್ತದೆ. ಅದು ತಿರುಚಿಕೊಂಡು ಮತ್ತೆ ಬಿಚ್ಚಿಕೊಳ್ಳುತ್ತದೆ. ತಳ್ಳುವ ಲಯವೂ ಶಾಫ್ಟಿನ ಸ್ವಂತ ಲಯವೂ ಒಂದಾದರೆ, ಸರಿಯಾದ ಗಳಿಗೆಯಲ್ಲಿ ತಳ್ಳಿದ ಜೋಕಾಲಿಯಂತೆ ಆ ತಿರುಚು ಏರುತ್ತಲೇ ಹೋಗುತ್ತದೆ. ಕೊನೆಗೆ ಗೇರಿನ ಹಲ್ಲೋ ಶಾಫ್ಟೋ ಮುರಿಯುತ್ತದೆ. ಆಕಾಶದಲ್ಲಿ ಎಂಜಿನ್ ಓಡುತ್ತಲೇ ಇರುತ್ತದೆ, ಪ್ರೊಪೆಲ್ಲರಿಗೆ ಬಲ ತಲುಪುವುದಿಲ್ಲ.

ಈ ಕಾಯಿಲೆ ರೋಟರಿಗಿಂತ ಹಳೆಯದು. 1949ರಲ್ಲಿ ಹಾರಿದ ಮೋಲ್ಟ್ ಟೇಲರ್ ಅವರ ‘ಏರೋಕಾರ್’ನಲ್ಲಿ ಪ್ರೊಪೆಲ್ಲರ್ ಇದ್ದದ್ದು ಬಾಲದ ತುದಿಯಲ್ಲಿ. ಅಷ್ಟುದ್ದದ ಶಾಫ್ಟಿನ ತಿರುಚನ್ನು ಪಳಗಿಸಲು ಟೇಲರ್ ಸಣ್ಣ ಉಕ್ಕಿನ ಗುಂಡುಗಳನ್ನು ತುಂಬಿದ ಕಪ್ಲಿಂಗ್ ಬಳಸಿದರು. ರೋಟರಿಯವರು ರಬ್ಬರ್, ಪಾಲಿಯುರೆಥೇನ್ ಮೊರೆಹೋದರು. ಉಪಾಯ ಸರಳ: ಕಪ್ಲಿಂಗ್ ಮೆತ್ತಗಾದಷ್ಟೂ ಅಪಾಯದ ಲಯ ಕೆಳಗಿಳಿಯುತ್ತದೆ. ಅದನ್ನು ಐಡಲ್ ವೇಗಕ್ಕಿಂತ ಕೆಳಗೆ ಇಳಿಸಿದರೆ, ಎಂಜಿನ್ ಶುರುಮಾಡುವಾಗ ಮತ್ತು ನಿಲ್ಲಿಸುವಾಗ ಮಾತ್ರ ಅದನ್ನು ದಾಟಿದರಾಯಿತು. ಆದರೆ ಪ್ರತಿ ತಿರುಚಿಗೂ ರಬ್ಬರ್ ಒಳಗೇ ಬಿಸಿಯಾಗುತ್ತದೆ; ಪಕ್ಕದ ಎಂಜಿನ್ನಿನ ಕಾವು ಬೇರೆ. ಕಾಲಕ್ರಮದಲ್ಲಿ ಅದು ಗಡುಸಾಗಿ ಬಿರುಕು ಬಿಡುತ್ತದೆ. ಗಡುಸಾದರೆ ಕೆಳಗಿಳಿಸಿದ್ದ ಲಯ ಮತ್ತೆ ಮೇಲೇರುತ್ತದೆ.

ಹಾಗಾದರೆ ಕಪ್ಲಿಂಗ್ ಎಷ್ಟು ಗಂಟೆ ಬಾಳುತ್ತದೆ? ಮರದ ಪ್ರೊಪೆಲ್ಲರ್ ತೆಗೆದು ಭಾರದ ಲೋಹದ್ದನ್ನು ಹಾಕಿದರೆ ಲೆಕ್ಕವೇ ಬದಲಾಗುತ್ತದೆ. ಬಾಳಿಕೆ ಎನ್ನುವುದು ಕಪ್ಲಿಂಗಿನ ಗುಣವಲ್ಲ, ಎಂಜಿನ್, ಗೇರು, ಪ್ರೊಪೆಲ್ಲರ್ ಕೂಡಿದ ಸಂಸಾರದ ಗುಣ. ಪ್ರಮಾಣಿತ ವಿಮಾನ ಎಂಜಿನ್ನು 150 ಗಂಟೆಗಳ ಕಠಿಣ ಪರೀಕ್ಷೆ ಪಾಸಾಗಬೇಕು. ಕಾರಿನ ಎಂಜಿನ್ ಹಾಕಿದ ಹವ್ಯಾಸಿ ವಿಮಾನಕ್ಕೆ ಸಾಮಾನ್ಯವಾಗಿ ಗೊತ್ತುಮಾಡಿದ ಪ್ರದೇಶದೊಳಗೆ, ಪ್ರಯಾಣಿಕರಿಲ್ಲದೆ 40 ಗಂಟೆ ಪರೀಕ್ಷಾ ಹಾರಾಟ. ಅಷ್ಟು ಹಾರಿದವರಿಗೆ ತಮ್ಮ ವಿಮಾನ ಗೊತ್ತಾಗಬಹುದು. ಅದೇ ಕಪ್ಲಿಂಗ್ ಕೊಂಡ ಇನ್ನೊಬ್ಬರು ತಮ್ಮ 40 ಗಂಟೆಯನ್ನು ಸೊನ್ನೆಯಿಂದಲೇ ಶುರುಮಾಡಬೇಕು.